ಲೆಕ್ಕಕ್ಕೆ ಬಂದ ವರ್ಷ, ಬಾರದ ವರ್ಷ: ಜರ್ಮನಿಯ ವಲಸೆ ಚರಿತ್ರೆಯಿಂದ ನಮಗೇನು?

ಗಲ್ಫ್ ನಾಡುಗಳಿಗೆ ನಮ್ಮಲ್ಲಿ ಹೆಚ್ಚಿನವರು ಬಂದದ್ದು ಎರಡು ವರ್ಷದ ಲೆಕ್ಕದಲ್ಲಿ. ಸಾಲ ತೀರಬೇಕು, ತಂಗಿಯ ಮದುವೆಯಾಗಬೇಕು, ಊರಲ್ಲೊಂದು ತಾರಸಿ ಮನೆ ಏಳಬೇಕು, ಆಮೇಲೆ ವಾಪಸ್. ಆ ಎರಡು ವರ್ಷ ಹತ್ತಾಯಿತು, ಇಪ್ಪತ್ತಾಯಿತು, ಕೆಲವರಿಗೆ ಮೂವತ್ತೂ ದಾಟಿತು. ಇಷ್ಟಾದರೂ ನಮ್ಮ ಕೈಯಲ್ಲಿರುವುದು ಮುಂದಿನ ನವೀಕರಣದ ತಾರೀಖು ಹೊತ್ತ ಒಂದು ಕಾರ್ಡು. ಕೆಲಸ ಕ್ಯಾನ್ಸಲ್ ಆದ ದಿನ ಮೂವತ್ತು ವರ್ಷದವನೂ ನಿನ್ನೆ ಬಂದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಹಾಗಾದರೆ ಪರನಾಡಿನಲ್ಲಿ ದುಡಿದ ವರ್ಷಗಳು ಯಾವ ಲೆಕ್ಕಕ್ಕೆ ಬರುತ್ತವೆ? ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದ ದೇಶ ಜರ್ಮನಿ. ಕನ್ನಡಿಗರಿಗೆ ಜರ್ಮನಿ ಎಂದರೆ ಮೊದಲು ನೆನಪಾಗುವುದು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಕಿಟ್ಟೆಲ್, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೊಗ್ಲಿಂಗ್. ಆ ಜರ್ಮನರು ನಮ್ಮ ಊರಿಗೆ ಕೆಲಸಕ್ಕೆಂದು ಬಂದು ವರ್ಷಗಟ್ಟಲೆ ನೆಲೆಸಿದವರು. ನಾವು ಇಲ್ಲಿ ಹೇಳಹೊರಟಿರುವುದು ಇದರ ಮಗ್ಗುಲು ಬದಲಿದ ಕಥೆ. ಜರ್ಮನಿಗೆ ದುಡಿಯಲು ಹೋದವರು, ಅವರ ಕಾಗದಪತ್ರ, ಅವರ ವರ್ಷಗಳ ಲೆಕ್ಕ.

ಅತಿಥಿ ಕಾರ್ಮಿಕರು

ಎರಡನೇ ಮಹಾಯುದ್ಧದಲ್ಲಿ ನೆಲಕಚ್ಚಿದ ಪಶ್ಚಿಮ ಜರ್ಮನಿ ಹತ್ತೇ ವರ್ಷದಲ್ಲಿ ಎದ್ದು ನಿಂತಿತು. ಗಣಿ, ಉಕ್ಕು, ಕಾರು ಕಾರ್ಖಾನೆಗಳಿಗೆ ಆಳು ಸಾಲದಾಯಿತು. 1955ರ ಡಿಸೆಂಬರ್ 20ರಂದು ಇಟಲಿಯೊಂದಿಗೆ ಕಾರ್ಮಿಕರ ನೇಮಕದ ಒಪ್ಪಂದವಾಯಿತು. 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರ ಅಕ್ಟೋಬರ್ 30ರಂದು ಟರ್ಕಿ, ನಂತರ ಮೊರಾಕ್ಕೊ, ಪೋರ್ಚುಗಲ್, ಟುನೀಸಿಯಾ, ಯುಗೊಸ್ಲಾವಿಯಾಗಳ ಸರದಿ. 1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದು ಪೂರ್ವ ಜರ್ಮನಿಯಿಂದ ಬರುತ್ತಿದ್ದ ಕೆಲಸಗಾರರ ದಾರಿ ಮುಚ್ಚಿದ್ದರಿಂದ ಹೊರಗಿನವರ ಅಗತ್ಯ ಇನ್ನೂ ಹೆಚ್ಚಿತು.

ಇಸ್ತಾಂಬುಲ್‌ನಲ್ಲಿ ಜರ್ಮನಿಯ ನೇಮಕಾತಿ ಕಚೇರಿ ಇತ್ತು. ಅಲ್ಲಿ ಬಟ್ಟೆ ಕಳಚಿಸಿ ಸಾಲಾಗಿ ನಿಲ್ಲಿಸಿ ಹಲ್ಲು, ಎದೆ, ಕೈಕಾಲು ಪರೀಕ್ಷೆ ಮಾಡುತ್ತಿದ್ದರು. ಗಲ್ಫ್ ವೀಸಾಕ್ಕಾಗಿ ಮೆಡಿಕಲ್‌ಗೆ ಸಾಲು ನಿಂತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಸಾದವರು ರೈಲು ಹತ್ತಿ ಮ್ಯೂನಿಕ್ ನಿಲ್ದಾಣದ 11ನೇ ಪ್ಲಾಟ್‌ಫಾರ್ಮಿಗೆ ಬಂದು ಇಳಿಯುತ್ತಿದ್ದರು. ಅಲ್ಲಿಂದ ಬೇರೆ ಬೇರೆ ಊರಿನ ಕಾರ್ಖಾನೆಗಳಿಗೆ ಹಂಚಿಕೆ. ವಾಸ ಕಂಪನಿಯ ವಸತಿಗೃಹದಲ್ಲಿ, ಒಂದು ಕೋಣೆಯಲ್ಲಿ ನಾಲ್ಕಾರು ಜನ, ಒಂದರ ಮೇಲೊಂದು ಮಂಚ. ಇವರಿಗೆ ಜರ್ಮನರು ಇಟ್ಟ ಹೆಸರು ‘ಗಾಸ್ಟ್‌ಆರ್ಬೈಟರ್’, ಅಂದರೆ ಅತಿಥಿ ಕಾರ್ಮಿಕ. ಅತಿಥಿ ಎಂದ ಮೇಲೆ ಊಟ ಮುಗಿಸಿ ಎದ್ದು ಹೋಗಬೇಕು ಎಂಬುದು ಆ ಹೆಸರಿನಲ್ಲೇ ಅಡಗಿತ್ತು.

ಟರ್ಕಿಯ ಒಪ್ಪಂದದಲ್ಲಿ ಅದನ್ನು ಬರೆದೇ ಇಟ್ಟಿದ್ದರು. ಎರಡು ವರ್ಷ ದುಡಿಯಬೇಕು, ಮರಳಬೇಕು, ಆ ಜಾಗಕ್ಕೆ ಹೊಸಬರು ಬರಬೇಕು. ಈ ಸರದಿ ಪದ್ಧತಿ ಬಹಳ ದಿನ ನಿಲ್ಲಲಿಲ್ಲ. ಬೇಡವೆಂದವರು ಯಾರು? ಕಾರ್ಮಿಕ ಮುಖಂಡರಿಗಿಂತ ಮೊದಲು ಕಾರ್ಖಾನೆಯ ಮಾಲೀಕರು. ಎರಡು ವರ್ಷ ಕಲಿಸಿ ಕೈ ಪಳಗಿದ ಮೇಲೆ ಕಳಿಸಿ, ಮತ್ತೆ ಹೊಸಬನಿಗೆ ಅ ಆ ಇ ಈಯಿಂದ ಕಲಿಸುವುದು ಅವರಿಗೆ ನಷ್ಟ. 1964ರಲ್ಲಿ ಒಪ್ಪಂದ ತಿದ್ದಿ ಎರಡು ವರ್ಷದ ಮಿತಿಯನ್ನು ತೆಗೆದುಹಾಕಿದರು. ಮುಂದಿನ ಚರಿತ್ರೆಗೆಲ್ಲ ಇದೇ ಬೀಜವಾಯಿತು. ಮಾಲೀಕರ ಅನುಕೂಲಕ್ಕೆ ಮಾಡಿದ ತಿದ್ದುಪಡಿ ಕಾರ್ಮಿಕನಿಗೆ ವರ್ಷಗಳನ್ನು ಕೂಡಿಸಿಕೊಟ್ಟಿತು.

ಅದೇ ವರ್ಷದ ಸೆಪ್ಟೆಂಬರ್ 10ರಂದು ಕಲೋನ್ ನಗರದ ಡಾಯ್ಟ್ಸ್ ನಿಲ್ದಾಣದಲ್ಲಿ ಹತ್ತು ಲಕ್ಷನೇ ಅತಿಥಿ ಕಾರ್ಮಿಕನೆಂದು ಪೋರ್ಚುಗಲ್‌ನ ಬಡಗಿ ಅರ್ಮಾಂಡೊ ರೋಡ್ರಿಗಿಸ್ ಡಿ ಸಾ ಅವರಿಗೆ ಬ್ಯಾಂಡ್ ಬಾರಿಸಿ, ಹೂವು ಕೊಟ್ಟು, ಒಂದು ಮೊಪೆಡ್ ಬಹುಮಾನ ನೀಡಿದರು. ಆ ಮೊಪೆಡ್ ಈಗ ಬಾನ್ ನಗರದ ಚರಿತ್ರೆ ಸಂಗ್ರಹಾಲಯದಲ್ಲಿದೆ. ಫೋಟೊ ಎಲ್ಲರೂ ನೋಡಿದ್ದಾರೆ. ಕಥೆಯ ಉಳಿದ ಭಾಗವನ್ನು ಹೇಳುವವರು ಕಡಿಮೆ. ಕೆಲವು ವರ್ಷಗಳಲ್ಲಿ ಕಾಯಿಲೆ ಬಿದ್ದ ಅವರು ಊರಿಗೆ ಮರಳಿದರು. ಕ್ಯಾನ್ಸರ್‌ ಚಿಕಿತ್ಸೆಗೆ ಉಳಿತಾಯವೆಲ್ಲ ಕರಗಿತು. ಜರ್ಮನಿಯಲ್ಲಿ ಕಟ್ಟಿದ ವಿಮೆಯಿಂದ ತನಗೆ ಹಣ ಬರಬೇಕಿತ್ತೆಂಬುದು ಅವರಿಗೆ ಗೊತ್ತೇ ಇರಲಿಲ್ಲ. 1979ರಲ್ಲಿ ತೀರಿಕೊಂಡರು. ಲೆಕ್ಕದಲ್ಲಿದ್ದ ವರ್ಷಗಳೂ ಗೊತ್ತಿಲ್ಲದವನಿಗೆ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಬಾಗಿಲು ಮುಚ್ಚಿದಾಗ ಒಳಗುಳಿದವರು

1973ರಲ್ಲಿ ತೈಲದ ಬೆಲೆ ಏರಿತು. ಗಲ್ಫ್‌ನ ಅದೃಷ್ಟ ತೆರೆದದ್ದೂ ನಮ್ಮವರು ಹಡಗು, ವಿಮಾನ ಹತ್ತತೊಡಗಿದ್ದೂ ಆ ಏರಿಕೆಯ ನಂತರವೇ. ಅದೇ ಏರಿಕೆ ಜರ್ಮನಿಯ ಕಾರ್ಖಾನೆಗಳಿಗೆ ಹೊಡೆತ ಕೊಟ್ಟಿತು. ಆ ವರ್ಷದ ನವೆಂಬರ್ 23ರಂದು ಸರ್ಕಾರ ಹೊರಗಿನ ನೇಮಕವನ್ನು ನಿಲ್ಲಿಸಿತು. ಆಗ ಅಲ್ಲಿದ್ದ ವಿದೇಶಿ ಕಾರ್ಮಿಕರು ಸುಮಾರು 26 ಲಕ್ಷ. 1955ರಿಂದ ಅಲ್ಲಿಯವರೆಗೆ ಬಂದವರು ಸುಮಾರು 1.4 ಕೋಟಿ, ಮರಳಿದವರು ಸುಮಾರು 1.1 ಕೋಟಿ. ಅಂದರೆ ಹೆಚ್ಚಿನವರು ಮಾತಿನಂತೆ ಹೋಗಿಯೇ ಇದ್ದರು.

ಬಾಗಿಲು ಮುಚ್ಚಿದ ಮೇಲೆ ಸರ್ಕಾರ ಎಣಿಸದ ಒಂದು ಸಂಗತಿ ನಡೆಯಿತು. ಅಲ್ಲಿಯವರೆಗೆ ಊರಿಗೆ ಹೋಗಿ ಒಂದೆರಡು ವರ್ಷ ಇದ್ದು ಮತ್ತೆ ಬರಬಹುದಿತ್ತು. ಈಗ ಹೋದರೆ ಮತ್ತೆ ಬರಲಾಗದು. ಹಾಗಾಗಿ ಇದ್ದವರು ಹೋಗಲಿಲ್ಲ. ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. 1973ರಲ್ಲಿ ಸುಮಾರು 40 ಲಕ್ಷವಿದ್ದ ವಿದೇಶಿಯರ ಸಂಖ್ಯೆ 1980ರ ಹೊತ್ತಿಗೆ 45 ಲಕ್ಷದ ಹತ್ತಿರ ಬಂತು. ಜನರನ್ನು ಕಡಿಮೆ ಮಾಡಲು ಹಾಕಿದ ಬೀಗ ಜನರನ್ನು ಒಳಗೇ ಉಳಿಸಿತು. 1983ರಲ್ಲಿ ಮರಳುವವರಿಗೆ 10,500 ಮಾರ್ಕ್, ಮಗುವೊಂದಕ್ಕೆ 1,500 ಮಾರ್ಕ್ ಕೊಡುವ ಕಾನೂನು ತಂದರು. ಕೆಲವರು ಹಣ ತೆಗೆದುಕೊಂಡು ಹೋದರು. ಹೆಚ್ಚಿನವರು ಹೋಗಲಿಲ್ಲ.

ಒಬ್ಬ ಭಾರತೀಯನ ಮೊಕದ್ದಮೆ

ಜರ್ಮನಿಯ ವಲಸೆ ಕಾನೂನಿನ ಪುಸ್ತಕಗಳಲ್ಲಿ ‘ಭಾರತೀಯನ ಪ್ರಕರಣ’ ಎಂದೇ ಹೆಸರಾದ ಒಂದು ತೀರ್ಪಿದೆ. 1961ರಲ್ಲಿ ತರಬೇತಿಗೆಂದು ಜರ್ಮನಿಗೆ ಬಂದ ಒಬ್ಬ ಭಾರತೀಯ ಅಲ್ಲೇ ಕೆಲಸಕ್ಕೆ ಸೇರಿದ. ವಾಸದ ಪರವಾನಗಿ ಮತ್ತೆ ಮತ್ತೆ ನವೀಕರಣವಾಗುತ್ತ ಹೋಯಿತು. 1970ರ ದಶಕದಲ್ಲಿ ಒಮ್ಮೆ ಕಚೇರಿ ಇನ್ನು ಸಾಧ್ಯವಿಲ್ಲ ಎಂದಿತು. ಆತ ಮಾಡಿದ ತಪ್ಪೇನೂ ಇರಲಿಲ್ಲ. ಜರ್ಮನಿ ವಲಸೆಗಾರರ ದೇಶವಲ್ಲ, ಹಾಗಾಗಿ ಯಾರೂ ಖಾಯಂ ಆಗುವಂತಿಲ್ಲ ಎಂಬುದು ಕೊಟ್ಟ ಕಾರಣ.

ಆತ ಕಾರ್ಲ್ಸ್‌ರೂಹೆ ನಗರದ ಸಂವಿಧಾನ ನ್ಯಾಯಾಲಯದವರೆಗೆ ಹೋದ. 1978ರ ಸೆಪ್ಟೆಂಬರ್ 26ರಂದು ನ್ಯಾಯಾಲಯ ಆತನ ಪರವಾಗಿ ತೀರ್ಪು ಕೊಟ್ಟಿತು. ಅದರ ಸಾರ ಇಷ್ಟು: ಸರ್ಕಾರವೇ ವರ್ಷವರ್ಷವೂ ಪರವಾನಗಿಯನ್ನು ನವೀಕರಿಸುತ್ತ ಬಂದರೆ, ಮುಂದೆಯೂ ಇರಬಹುದೆಂಬ ನಂಬಿಕೆ ಆ ಮನುಷ್ಯನಲ್ಲಿ ಬೆಳೆಯುವುದು ಸಹಜ. ಆ ನಂಬಿಕೆಗೆ ಸಂವಿಧಾನದ ರಕ್ಷಣೆ ಇದೆ. ನಾವು ವಲಸೆಯ ದೇಶವಲ್ಲ ಎಂಬ ಸಾಮಾನ್ಯ ಮಾತೊಂದನ್ನೇ ಹಿಡಿದು ಒಬ್ಬನ ಬದುಕನ್ನು ಒಂದು ದಿನ ಕಿತ್ತುಹಾಕುವಂತಿಲ್ಲ.

ನವೀಕರಣದ ಮುದ್ರೆ ಬಿದ್ದಷ್ಟೂ ಹಕ್ಕು ಬೆಳೆಯುತ್ತದೆ ಎಂಬ ತತ್ವ ಹೀಗೆ ಸ್ಥಾಪನೆಯಾಯಿತು. ಚುನಾವಣೆ ಗೆಲ್ಲಬೇಕಾದ ಯಾವ ಪಕ್ಷವೂ ಆಗ ಇದನ್ನು ಹೇಳುತ್ತಿರಲಿಲ್ಲ. ಚುನಾವಣೆಯ ಹಂಗಿಲ್ಲದ ನ್ಯಾಯಾಲಯ ಹೇಳಿತು. ಕೇಳಿದವನು ನಮ್ಮ ದೇಶದ ಒಬ್ಬ ದುಡಿಮೆಗಾರ ಎಂಬುದು ನಮಗೆ ಹೆಮ್ಮೆಯ ವಿಷಯ.

ಆದರೆ ತೀರ್ಪಿನ ನೆರಳು ಎಲ್ಲರ ಮೇಲೂ ಬೀಳಲಿಲ್ಲ. ಅದೇ ವರ್ಷಗಳಲ್ಲಿ, ನೆರೆಯ ಕೇರಳದಿಂದ ಚರ್ಚುಗಳ ಮೂಲಕ ಜರ್ಮನಿಯ ಆಸ್ಪತ್ರೆಗಳಿಗೆ ಹೋಗಿದ್ದ ಸಾವಿರಾರು ನರ್ಸ್‌ಗಳಲ್ಲಿ ಅನೇಕರಿಗೆ ಪರವಾನಗಿ ನವೀಕರಣ ಸಿಗದಾಯಿತು. ಹತ್ತಾರು ವರ್ಷ ರೋಗಿಗಳ ಹಾಸಿಗೆ ಪಕ್ಕ ನಿಂತವರು ಪೆಟ್ಟಿಗೆ ಕಟ್ಟಬೇಕಾಯಿತು. ಉಳಿದವರ ಗಂಡಂದಿರಿಗೆ ಜರ್ಮನಿಗೆ ಬಂದ ಮೇಲೆ ವರ್ಷಗಟ್ಟಲೆ ಕೆಲಸದ ಪರವಾನಗಿ ಇರಲಿಲ್ಲ. ಹೆಂಡತಿ ದುಡಿದು, ಗಂಡ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡ ಆ ಸಂಸಾರಗಳ ಕಥೆ ಕೇರಳದಲ್ಲಿ ಇಂದಿಗೂ ಮಾತಿನಲ್ಲಿದೆ.

ಗೋಡೆಯ ಆಚೆಗಿನ ಲೆಕ್ಕ

ಸಮಾಜವಾದಿ ಪೂರ್ವ ಜರ್ಮನಿಯೂ ವಿಯೆಟ್ನಾಂ, ಮೊಜಾಂಬಿಕ್, ಕ್ಯೂಬಾಗಳಿಂದ ಕಾರ್ಮಿಕರನ್ನು ತರಿಸಿತು. ಅಲ್ಲಿ ಸರದಿ ಪದ್ಧತಿ ಕಟ್ಟುನಿಟ್ಟು. ಗರ್ಭಿಣಿಯಾದ ಹೆಣ್ಣುಮಗಳು ಗರ್ಭ ತೆಗೆಸಬೇಕು, ಇಲ್ಲವೇ ಊರಿಗೆ ಮರಳಬೇಕು ಎಂಬ ನಿಯಮವಿತ್ತು. 1989ರಲ್ಲಿ ಗೋಡೆ ಬಿದ್ದಾಗ ಸುಮಾರು 60,000 ವಿಯೆಟ್ನಾಮಿಗಳು ಅಲ್ಲಿದ್ದರು. ಕಾರ್ಖಾನೆಗಳು ಮುಚ್ಚಿದವು, ಕೈಗೆ 3,000 ಮಾರ್ಕ್ ಮತ್ತು ಒಂದು ಟಿಕೆಟ್ ಕೊಟ್ಟು ಹೋಗಿ ಎಂದರು. ಉಳಿದವರಿಗೆ ವಾಸದ ಹಕ್ಕು ಸಿಗಲು 1993ರವರೆಗೆ ಕಾಯಬೇಕಾಯಿತು. ಪೂರ್ವ ಜರ್ಮನಿಯಲ್ಲಿ ದುಡಿದ ಅವರ ವರ್ಷಗಳನ್ನು ವಾಸದ ಅವಧಿಗೆ ಸೇರಿಸಿಕೊಂಡದ್ದು 1997ರಲ್ಲಿ.

ಮೊಜಾಂಬಿಕ್‌ನವರ ಗತಿ ಇನ್ನೂ ಕೆಟ್ಟದು. ಅವರ ಸಂಬಳದ ದೊಡ್ಡ ಪಾಲನ್ನು, ಊರಿಗೆ ಹೋದ ಮೇಲೆ ಕೊಡುತ್ತೇವೆ ಎಂದು ಮುರಿದುಕೊಳ್ಳುತ್ತಿದ್ದರು. ಊರಿಗೆ ಹೋದ ಮೇಲೆ ಅವರಿಗೆ ಆ ಹಣ ಪೂರ್ತಿ ಸಿಗಲಿಲ್ಲ. ದಶಕಗಳು ಕಳೆದರೂ ಅವರು ರಾಜಧಾನಿ ಮಪುಟೊದಲ್ಲಿ ಬುಧವಾರಗಳಂದು ಮೆರವಣಿಗೆ ಹೊರಟು ತಮ್ಮ ದುಡ್ಡು ಕೇಳುತ್ತ ಬಂದಿದ್ದಾರೆ. ಫೈನಲ್ ಸೆಟ್ಲ್‌ಮೆಂಟ್ ಇಲ್ಲದೆ ವಿಮಾನ ಹತ್ತಿದವರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಈ ಬುಧವಾರಗಳ ಅರ್ಥ ಬೇಗ ತಿಳಿಯುತ್ತದೆ.

ರಕ್ತದ ಕಾನೂನು ಸಡಿಲವಾದದ್ದು

ವಾಸದ ಹಕ್ಕು ಒಂದು, ಪೌರತ್ವ ಇನ್ನೊಂದು. ಜರ್ಮನಿಯ ಪೌರತ್ವ ಕಾನೂನು 1913ರದು. ತಂದೆತಾಯಿ ಜರ್ಮನರಾದರೆ ಮಗು ಜರ್ಮನ್, ಹುಟ್ಟಿದ ನೆಲಕ್ಕೆ ಬೆಲೆಯಿಲ್ಲ. ಟರ್ಕಿ ಕಾರ್ಮಿಕನ ಮೊಮ್ಮಗ ಬರ್ಲಿನ್‌ನಲ್ಲೇ ಹುಟ್ಟಿ ಬೆಳೆದರೂ ವಿದೇಶಿಯೇ. ಗಲ್ಫ್‌ನ ಶಾಲೆಗಳಲ್ಲಿ ಓದಿ ಬೆಳೆದು, ಹದಿನೆಂಟು ತುಂಬಿದಾಗ ಊರೆಂಬ ಊರನ್ನೇ ಕಾಣದೆ ‘ಊರಿಗೆ’ ಹೋಗುವ ನಮ್ಮ ಮಕ್ಕಳಿಗೂ ಇದರ ಬಿಸಿ ಗೊತ್ತು.

ಮಾತಿನಲ್ಲಿ ಬದಲಾವಣೆ ಬಂದದ್ದು ಬೇಗ. ಹಿಂದೆ ಮುಖ್ಯಮಂತ್ರಿಯಾಗಿದ್ದ ಹೈಂಜ್ ಕ್ಯೂನ್ ಅವರು ಸರ್ಕಾರದ ವಿದೇಶಿಯರ ಆಯುಕ್ತರಾಗಿ 1979ರಲ್ಲಿ ಒಂದು ವರದಿ ಕೊಟ್ಟರು. ಬಂದವರು ಇನ್ನು ಹೋಗುವುದಿಲ್ಲ, ಇಲ್ಲಿ ಹುಟ್ಟಿದ ಮಕ್ಕಳಿಗೆ ಪೌರತ್ವದ ಹಕ್ಕು ಕೊಡಿ ಎಂದರು. ವರದಿ ಕಪಾಟು ಸೇರಿತು. ಅದರ ಮುಖ್ಯ ಸಲಹೆ ಕಾನೂನಾಗಲು ಇಪ್ಪತ್ತು ವರ್ಷ ಹಿಡಿಯಿತು. ನಡುವೆ 1992ರ ನವೆಂಬರ್‌ನಲ್ಲಿ ಮೋಲ್ನ್‌ನಲ್ಲಿ ಮೂವರು, 1993ರ ಮೇ ತಿಂಗಳಲ್ಲಿ ಸೋಲಿಂಗೆನ್‌ನಲ್ಲಿ ಐವರು ಟರ್ಕಿ ಮೂಲದ ಹೆಂಗಸರು, ಹುಡುಗಿಯರು ಜನಾಂಗ ದ್ವೇಷದವರು ಹಚ್ಚಿದ ಬೆಂಕಿಯಲ್ಲಿ ಸತ್ತರು.

1999ರಲ್ಲಿ ಶ್ರೋಡರ್ ಸರ್ಕಾರ ಎರಡು ಪಾಸ್‌ಪೋರ್ಟ್‌ಗೂ ಅವಕಾಶ ಕೊಡಲು ಹೊರಟಾಗ ವಿರೋಧ ಪಕ್ಷ ಬೀದಿ ಬೀದಿಯಲ್ಲಿ ಸಹಿ ಸಂಗ್ರಹ ಮಾಡಿ ಹೆಸ್ಸೆ ರಾಜ್ಯದ ಚುನಾವಣೆಯನ್ನೇ ಗೆದ್ದಿತು. ಸರ್ಕಾರ ಅರ್ಧ ಹಿಂದೆ ಸರಿಯಿತು. ಆದರೂ 2000ದ ಜನವರಿ 1ರಿಂದ, ತಂದೆ ಅಥವಾ ತಾಯಿ ಎಂಟು ವರ್ಷ ಕಾನೂನುಬದ್ಧವಾಗಿ ನೆಲೆಸಿದ್ದರೆ ಜರ್ಮನಿಯಲ್ಲಿ ಹುಟ್ಟಿದ ಮಗು ಜರ್ಮನ್ ಪ್ರಜೆ ಎಂದಾಯಿತು. ದೊಡ್ಡವರಿಗೆ ಪೌರತ್ವ ಕೇಳಲು ಬೇಕಾದ ಅವಧಿ ಹದಿನೈದು ವರ್ಷದಿಂದ ಎಂಟಕ್ಕೆ ಇಳಿಯಿತು.

ಅದೇ 2000ದಲ್ಲಿ ಐಟಿ ಕೆಲಸಗಾರರಿಗೆಂದು ಐದು ವರ್ಷದ ‘ಗ್ರೀನ್ ಕಾರ್ಡ್’ ಬಂತು. ಬೆಂಗಳೂರು ಅಲ್ಲಿನ ಪತ್ರಿಕೆಗಳಲ್ಲಿ ಮಾತಾದದ್ದು ಆಗ. ಇಂಡಿಯನ್ನರ ಬದಲು ನಮ್ಮ ಮಕ್ಕಳಿಗೆ ಕಲಿಸಿ ಎಂಬ ಅರ್ಥದ ಪ್ರಾಸದ ಘೋಷಣೆ ಹಿಡಿದು ರ‍್ಯೂಟ್‌ಗರ್ಸ್ ಎಂಬ ನಾಯಕರು ನಾರ್ಥ್ ರೈನ್-ವೆಸ್ಟ್‌ಫಾಲಿಯಾದ ಚುನಾವಣೆಗೆ ಇಳಿದರು, ಸೋತರು. ಹಳೆಯ ಸರದಿ ಪದ್ಧತಿಯೇ ಹೊಸ ಅಂಗಿ ತೊಟ್ಟು ಬಂದಿತ್ತು. 2005ರ ಹೊಸ ವಲಸೆ ಕಾನೂನು ಬಂದ ಮೇಲೆ ಖಾಯಂ ವಾಸದ ದಾರಿ ತೆರೆಯಿತು.

ಸಹಿಸಿಕೊಂಡವರು

ಇಷ್ಟೆಲ್ಲ ಕಾಗದ ಇದ್ದವರ ಕಥೆ. ಕಾಗದ ಇಲ್ಲದವರದೇನು? ಜರ್ಮನಿಯಲ್ಲಿ ‘ಡುಲ್ಡುಂಗ್’ ಎಂಬ ವಿಚಿತ್ರ ಪತ್ರವಿದೆ. ಆ ಮಾತಿಗೆ ಸಹಿಸಿಕೊಳ್ಳುವುದು ಎಂದರ್ಥ. ಆಶ್ರಯ ಕೇಳಿ ತಿರಸ್ಕೃತನಾದವನು ದೇಶ ಬಿಡಬೇಕು. ಆದರೆ ಊರಲ್ಲಿ ಯುದ್ಧವಿದೆ, ಅಥವಾ ಪಾಸ್‌ಪೋರ್ಟ್ ಇಲ್ಲ, ಅಥವಾ ಕಾಯಿಲೆ, ಕಳಿಸಲಾಗದು. ಆಗ ಕೆಲವು ತಿಂಗಳ ಮಟ್ಟಿಗೆ ಗಡೀಪಾರನ್ನು ಮುಂದೂಡಿ ಈ ಪತ್ರ ಕೊಡುತ್ತಾರೆ. ಅದು ವಾಸದ ಪರವಾನಗಿಯಲ್ಲ. ಮತ್ತೆ ಮತ್ತೆ ಮುಂದೂಡುತ್ತ ಹತ್ತು ಹದಿನೈದು ವರ್ಷ ಅದರಲ್ಲೇ ಕಳೆದವರಿದ್ದಾರೆ. ಭಾರತೀಯನ ಪ್ರಕರಣದಲ್ಲಿ ನವೀಕರಣದ ಮುದ್ರೆಗೆ ಸಿಕ್ಕ ಬೆಲೆ ಈ ಪತ್ರದ ಮುದ್ರೆಗೆ ಇಲ್ಲ. ಅದರಲ್ಲಿ ಕಳೆದ ವರ್ಷಗಳನ್ನು ಪೌರತ್ವದ ಅವಧಿಗೆ ಎಣಿಸುವುದಿಲ್ಲ.

ಅದೂ ಇಲ್ಲದವರು ಇನ್ನೂ ಕೆಳಗಿದ್ದಾರೆ. ಸರ್ಕಾರಿ ಕಚೇರಿಗಳು ಇಂಥವರ ಸುದ್ದಿ ತಿಳಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕೆಂಬ ನಿಯಮವಿದೆ. ಶಾಲೆಗಳಿಗೆ 2011ರಲ್ಲಿ ಇದರಿಂದ ವಿನಾಯಿತಿ ಸಿಕ್ಕಿತು. ಮಗುವನ್ನು ಶಾಲೆಗೆ ಸೇರಿಸಿದ್ದಕ್ಕೆ ಅಪ್ಪ ಅಮ್ಮ ಸಿಕ್ಕಿಬೀಳುವುದು ತಪ್ಪಿತು. ವೈದ್ಯಕೀಯಕ್ಕೆ ಮಾಲ್ಟೆಸರ್ ಸಂಸ್ಥೆ 2001ರಲ್ಲಿ ಬರ್ಲಿನ್‌ನಲ್ಲಿ ತೆರೆದ ಚಿಕಿತ್ಸಾಲಯದಂಥ ಧರ್ಮಾರ್ಥ ಸೇವೆಗಳೇ ಆಸರೆ.

ಡುಲ್ಡುಂಗ್ ಹಿಡಿದವರಿಗೆ ದಾರಿ ತೆರೆಯುವ ಬಗ್ಗೆ ವರ್ಷಗಟ್ಟಲೆ ಚರ್ಚೆಯಾಯಿತು. ಬೇಡ ಎಂದವರ ವಾದವನ್ನು ಹಗುರವಾಗಿ ಕಾಣಬಾರದು. ಹೋಗು ಎಂದಾಗ ಹೋದವನು ಮೂರ್ಖ, ಹೆಸರು ಊರು ಮುಚ್ಚಿಟ್ಟು ಉಳಿದವನು ಜಾಣ ಎಂದಾಗುವುದಿಲ್ಲವೇ? ಇಂದು ಒಮ್ಮೆ ಕ್ಷಮಿಸಿದರೆ ನಾಳೆ ಇನ್ನಷ್ಟು ಜನ ಅದೇ ಭರವಸೆಯಲ್ಲಿ ಬರುವುದಿಲ್ಲವೇ? ಬೇಕು ಎಂದವರ ಉತ್ತರ ಹೀಗಿತ್ತು: ಕಳಿಸಲು ನಿಮ್ಮಿಂದ ಆಗಲಿಲ್ಲ, ವರ್ಷಗಳು ಕಳೆದವು, ಮಕ್ಕಳು ಜರ್ಮನ್ ಭಾಷೆಯಲ್ಲೇ ಬೆಳೆದರು. ಇನ್ನೂ ಅಂಚಿನಲ್ಲೇ ಇಟ್ಟರೆ ಲಾಭ ಕಳ್ಳ ಕೂಲಿ ಕೊಡುವ ಮಾಲೀಕನಿಗೆ ಮಾತ್ರ.

2022ರ ಡಿಸೆಂಬರ್ 2ರಂದು ಸಂಸತ್ತು ನಡುದಾರಿಯೊಂದನ್ನು ಹಿಡಿಯಿತು. ಅಕ್ಟೋಬರ್ 31ರ ಹೊತ್ತಿಗೆ ಐದು ವರ್ಷ ಜರ್ಮನಿಯಲ್ಲಿದ್ದು ಡುಲ್ಡುಂಗ್ ಹೊಂದಿದ, ದೊಡ್ಡ ಅಪರಾಧ ಮಾಡದವರಿಗೆ ಹದಿನೆಂಟು ತಿಂಗಳ ಪರವಾನಗಿ. ಅಷ್ಟರಲ್ಲಿ ಗುರುತು ಸಾಬೀತು ಮಾಡಬೇಕು, ಭಾಷೆ ಕಲಿಯಬೇಕು, ದುಡಿದು ತಿನ್ನುವ ದಾರಿ ತೋರಿಸಬೇಕು. ಮಾಡಿದವರಿಗೆ ಪೂರ್ಣ ವಾಸದ ಹಕ್ಕು. ಆಗದವರು ಮತ್ತೆ ಡುಲ್ಡುಂಗ್‌ಗೆ. ಆಗ ಸುಮಾರು 2.48 ಲಕ್ಷ ಜನರ ಕೈಯಲ್ಲಿ ಆ ಪತ್ರವಿತ್ತು, ಅವರಲ್ಲಿ ಸುಮಾರು 1.37 ಲಕ್ಷ ಜನ ಐದು ವರ್ಷ ದಾಟಿದವರು. ಈ ಅವಕಾಶಕ್ಕೂ ಅವಧಿ ಇತ್ತು. 2025ರ ಕೊನೆಗೆ ಅದು ಮುಗಿಯಿತು.

2024ರ ಜೂನ್ 27ರಿಂದ ಪೌರತ್ವದ ಅವಧಿ ಎಂಟರಿಂದ ಐದು ವರ್ಷಕ್ಕಿಳಿಯಿತು, ಎರಡು ಪೌರತ್ವಕ್ಕೆ ಒಪ್ಪಿಗೆ ಸಿಕ್ಕಿತು. ಹಳೆಯ ಅತಿಥಿ ಕಾರ್ಮಿಕರಿಗೂ ಪೂರ್ವ ಜರ್ಮನಿಯ ಗುತ್ತಿಗೆ ಕಾರ್ಮಿಕರಿಗೂ ಬರವಣಿಗೆಯ ಪರೀಕ್ಷೆ ಬೇಡ, ಆಡುಭಾಷೆ ಬಂದರೆ ಸಾಕು ಎಂದರು. ಅವರನ್ನು ಕರೆಸಿದಾಗ ಭಾಷೆ ಕಲಿಸುವ ಏರ್ಪಾಡನ್ನೇ ಮಾಡಿರಲಿಲ್ಲ, ಅದು ತಮ್ಮ ಲೋಪ ಎಂದು ದೇಶ ತಡವಾಗಿ ಒಪ್ಪಿಕೊಂಡಂತಾಯಿತು. ಆ ವರ್ಷ ಸುಮಾರು 2.92 ಲಕ್ಷ ಜನ ಜರ್ಮನ್ ಪ್ರಜೆಗಳಾದರು. ಆದರೆ ಗಾಳಿ ಒಂದೇ ದಿಕ್ಕಿಗೆ ಬೀಸುವುದಿಲ್ಲ. ಚೆನ್ನಾಗಿ ಹೊಂದಿಕೊಂಡವರಿಗೆ ಮೂರೇ ವರ್ಷದಲ್ಲಿ ಪೌರತ್ವ ಎಂಬ ನಿಯಮವನ್ನು ಹೊಸ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ರದ್ದು ಮಾಡಿತು.

ನಮ್ಮ ಲೆಕ್ಕ

ಜರ್ಮನಿಯನ್ನು ತೋರಿಸಿ ಗಲ್ಫ್ ದೇಶಗಳಿಗೆ ಬುದ್ಧಿ ಹೇಳುವುದು ನಮ್ಮ ಉದ್ದೇಶವಲ್ಲ. ಯುಎಇ, ಕತಾರ್‌ಗಳಲ್ಲಿ ಸ್ವಂತ ಪ್ರಜೆಗಳು ಹತ್ತರಲ್ಲಿ ಒಬ್ಬರ ಆಸುಪಾಸು. ಅವರ ಅಳುಕು ನಮಗೆ ಅರ್ಥವಾಗುತ್ತದೆ. ನಾವು ಪೌರತ್ವ ಕೇಳಿ ಬಂದವರೂ ಅಲ್ಲ. ಭಾರತದ ಕಾನೂನು ಎರಡನೇ ಪೌರತ್ವವನ್ನು ಒಪ್ಪುವುದೂ ಇಲ್ಲ. ನಮ್ಮ ಅನ್ನದ ಬಟ್ಟಲು ತುಂಬಿದ ನೆಲಕ್ಕೆ ನಾವು ಕೃತಜ್ಞರು.

ಆದರೆ ಇಲ್ಲಿ ಕಾಗದವಿಲ್ಲದವರಾಗುವುದು ಹೇಗೆ ಎಂಬುದನ್ನು ನೋಡಬೇಕು. ಹೆಚ್ಚಿನವರು ಗಡಿ ನುಸುಳಿ ಬಂದವರಲ್ಲ, ಸರಿಯಾದ ವೀಸಾದಲ್ಲೇ ಬಂದವರು. ಕಫೀಲ ನವೀಕರಣ ಮಾಡಿಸದಿದ್ದರೆ, ಕಂಪನಿ ಮುಳುಗಿದರೆ, ಸಂಬಳ ಕೇಳಿದ್ದಕ್ಕೆ ಸೌದಿಯಲ್ಲಿ ‘ಹುರೂಬ್’ ಹಾಕಿದರೆ, ಮನುಷ್ಯ ಮಲಗಿ ಏಳುವಷ್ಟರಲ್ಲಿ ಖಲ್ಲಿವಲ್ಲಿ. 2024ರಲ್ಲಿ ಕುವೈತ್ ಮತ್ತು ಯುಎಇ ಕೊಟ್ಟಂಥ ಕ್ಷಮಾದಾನಗಳು ಸಾವಿರಾರು ಜನರನ್ನು ದಂಡದಿಂದ ಉಳಿಸಿದವು. ಬಹ್ರೇನ್ 2017ರಿಂದ 2022ರವರೆಗೆ ಕಾಗದವಿಲ್ಲದವರೂ ಪ್ರಾಯೋಜಕರಿಲ್ಲದೆ ದುಡಿಯಬಹುದಾದ ‘ಫ್ಲೆಕ್ಸಿ’ ಪರವಾನಗಿ ನಡೆಸಿತು. ಇವೆಲ್ಲ ಒಳ್ಳೆಯವೇ. ಆದರೆ ಕ್ಷಮಾದಾನ ದಂಡವನ್ನು ಸೊನ್ನೆ ಮಾಡುತ್ತದೆ, ದುಡಿದ ವರ್ಷಗಳನ್ನು ಲೆಕ್ಕಕ್ಕೆ ತರುವುದಿಲ್ಲ. ಮಾಲೀಕನ ತಪ್ಪಿನಿಂದ ಕಾರ್ಮಿಕ ಕಾನೂನುಬಾಹಿರ ಆಗದಂತೆ ನೋಡಿಕೊಳ್ಳುವುದೇ ಮೊದಲ ಸುಧಾರಣೆ ಎಂದು ನಮ್ಮ ಭಾವನೆ.

ಎರಡನೆಯದನ್ನು ನಾವು ಕೇಳಬೇಕಾದದ್ದು ದೆಹಲಿಯನ್ನು. ಭಾರತ ಮತ್ತು ಜರ್ಮನಿಯ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದವಿದೆ. 2017ರ ಮೇ 1ರಿಂದ ಅದು ಪೂರ್ಣವಾಗಿ ಜಾರಿಯಲ್ಲಿದೆ. ಎರಡೂ ದೇಶಗಳಲ್ಲಿ ವಂತಿಗೆ ಕಟ್ಟಿದ ಅವಧಿಯನ್ನು ಕೂಡಿಸಿ ಪಿಂಚಣಿಯ ಅರ್ಹತೆ ನೋಡುತ್ತಾರೆ. ಸ್ಟುಟ್‌ಗಾರ್ಟ್‌ನಲ್ಲಿ ಐದು ವರ್ಷ ದುಡಿದ ಬೆಂಗಳೂರಿನ ಇಂಜಿನಿಯರ್‌ನ ವರ್ಷಗಳಿಗೆ ಲೆಕ್ಕವಿದೆ. ದಮಾಮ್‌ನಲ್ಲಿ ಇಪ್ಪತ್ತೈದು ವರ್ಷ ವೆಲ್ಡಿಂಗ್ ಮಾಡಿದ ಬಂಟ್ವಾಳದವನ ಅಥವಾ ಭಟ್ಕಳದವನ ವರ್ಷಗಳಿಗೆ ಅಂಥ ಲೆಕ್ಕವಿಲ್ಲ. ಊರಿಗೆ ಕಳಿಸಿದ ಹಣವನ್ನು ದೇಶ ಪ್ರತಿವರ್ಷ ಎಣಿಸುತ್ತದೆ. ಆ ಹಣದ ಹಿಂದಿನ ವರ್ಷಗಳನ್ನೂ ಎಣಿಸುವ ಒಪ್ಪಂದವನ್ನು ಗಲ್ಫ್ ದೇಶಗಳೊಂದಿಗೆ ಮಾಡಿಕೊಳ್ಳಿ ಎಂದು ನಮ್ಮ ಸಂಘಸಂಸ್ಥೆಗಳು ಒಂದಾಗಿ ಕೇಳಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಿಕೊಳ್ಳೋಣ. ಕರಾರು ಪತ್ರ, ಸಂಬಳದ ಚೀಟಿ, ಇಕಾಮಾ ಮತ್ತು ವೀಸಾದ ಪ್ರತಿ, ಗ್ರಾಚ್ಯುಟಿಯ ಲೆಕ್ಕ, ಇವನ್ನೆಲ್ಲ ಮೊದಲ ದಿನದಿಂದ ಕಾಪಾಡಿಕೊಳ್ಳಬೇಕು. ಮನೆಯವರ ಬಳಿಯೂ ಒಂದು ಪ್ರತಿ ಇರಬೇಕು. ಕಾರ್ಲ್ಸ್‌ರೂಹೆಯಲ್ಲಿ ಆ ಭಾರತೀಯನನ್ನು ಗೆಲ್ಲಿಸಿದ್ದು ವರ್ಷವರ್ಷವೂ ಬಿದ್ದ ನವೀಕರಣದ ಮುದ್ರೆಗಳು. ತನಗೆ ಬರಬೇಕಾದದ್ದು ತಿಳಿಯದೆ ಉಳಿತಾಯವನ್ನೆಲ್ಲ ಕಳೆದುಕೊಂಡವರು ಪೋರ್ಚುಗಲ್‌ನ ಬಡಗಿ. ಹೊಸದಾಗಿ ಬಂದ ತಮ್ಮಂದಿರಿಗೆ ಸಂಘದ ಹಿರಿಯರು ಈ ಎರಡೂ ಕಥೆಗಳನ್ನು ಹೇಳಿದರೆ, ಅವರ ವರ್ಷಗಳಾದರೂ ಅವರ ಕಪಾಟಿನಲ್ಲಿ ಭದ್ರವಾಗಿರುತ್ತವೆ.